‘ಪಾತ್ರಕ್ಕೆ ಜೀವ ತುಂಬಿದರು’ ಅಂದರೆ ಏನು ಮಾಡಿದರು?

ಕೆಲವು ವರ್ಷಗಳ ಹಿಂದೆ ಮುಂಬಯಿಯ ಮಾಟುಂಗಾದಲ್ಲಿ ಒಂದು ಕನ್ನಡ ನಾಟಕ ನೋಡಿ, ಸಂಘದ ಪತ್ರಿಕೆಗೆ ಅರ್ಧ ಪುಟ ಬರೆದುಕೊಟ್ಟಿದ್ದೆ. ಅಪ್ಪನ ಪಾತ್ರ ಮಾಡಿದವರು ಕುಂದಾಪುರ ಕಡೆಯ ಹಿರಿಯರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಫೋರ್ಟ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ತಾಳಮದ್ದಳೆಯಲ್ಲಿ, ಅಂದರೆ ಕೂತೇ ಆಡುವ ಯಕ್ಷಗಾನದಲ್ಲಿ, ಅರ್ಥ ಹೇಳಿ ಪಳಗಿದ ನಾಲಿಗೆ. ಅವರ ಬಗ್ಗೆ ನಾನು ಬರೆದದ್ದು ಒಂದೇ ಸಾಲು: ತಂದೆಯ ಪಾತ್ರಕ್ಕೆ ಜೀವ ತುಂಬಿ ಪ್ರೇಕ್ಷಕರ ಮನ ಗೆದ್ದರು.

ಮುಂದಿನ ಸಲ ಸಿಕ್ಕಾಗ ಆ ಪತ್ರಿಕೆ ಅವರ ಜೇಬಿನಲ್ಲೇ ಇತ್ತು. ಮಡಚಿ ಇಟ್ಟುಕೊಂಡು ಬಂದಿದ್ದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ತಿಳಿದುಕೊಳ್ಳಬೇಕು ಅನ್ನೋ ಹಾಗೆ ಕೇಳಿದರು: “ಜೀವ ತುಂಬಿದೆ ಅಂತ ಬರ್ದಿದ್ದೀರಲ್ಲ ಮಾರಾಯ್ರೆ, ಎಲ್ಲಿ ತುಂಬಿದ್ದು? ಯಾವ ಜಾಗದಲ್ಲಿ? ಹೇಳಿದ್ರೆ ಮುಂದಿನ ಸಲವೂ ಅಲ್ಲೇ ತುಂಬಬಹುದಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಟಕ ನನಗೆ ನಿಜಕ್ಕೂ ಹಿಡಿಸಿತ್ತು. ನೋಡುವಾಗ ಗಂಟಲು ಕಟ್ಟಿತ್ತು. ಆದರೆ ಅವರು ಏನು ಮಾಡಿದಾಗ ಕಟ್ಟಿತು ಅಂತ ಗಮನಿಸಿರಲಿಲ್ಲ. ಅವತ್ತಿನಿಂದ ಆ ಪ್ರಶ್ನೆ ನನ್ನ ಜೊತೆಗೇ ಇದೆ. ನಟನನ್ನು ಹೊಗಳುವುದು ಅಂದರೇನು? ಬಲ್ಲವರು ಅಭಿನಯದಲ್ಲಿ ನೋಡುವುದಾದರೂ ಏನನ್ನು? ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಉದಾಹರಣೆಗಳು ಹೆಚ್ಚಾಗಿ ಮುಂಬಯಿ, ಪುಣೆಯವು. ಇಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಒಂದು ಸಂಜೆ ಕನ್ನಡ, ಇನ್ನೊಂದು ಸಂಜೆ ಮರಾಠಿ, ಮತ್ತೊಂದು ಸಂಜೆ ಹಿಂದಿ ನಾಟಕ ನೋಡಬಹುದು. ಮರಾಠಿ ರಂಗಭೂಮಿ ನಮಗೆ ಪರರ ಮನೆಯೂ ಅಲ್ಲ. ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತರ ಮೇಳವೊಂದು ಸಾಂಗ್ಲಿಯಲ್ಲಿ ಆಟ ಆಡಿತ್ತು. ಅದನ್ನು ನೋಡಿಯೇ ಅಲ್ಲಿನ ಅರಸರು, ಮರಾಠಿಯಲ್ಲೂ ಇಂಥದ್ದೊಂದು ಆಗಬೇಕು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದ್ದು. ಹಾಗೆ 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ಬಂತು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹಾಗಾಗಿ ಅಲ್ಲಿಂದ ಒಂದು, ಇಲ್ಲಿಂದ ಒಂದು ಅಂತ ಧೈರ್ಯವಾಗಿ ತೆಗೆದುಕೊಳ್ಳುತ್ತೇನೆ.

ಮೊದಲ ಕಷ್ಟ ಏನೆಂದರೆ, ನಾಟಕ ಉಳಿಯುವುದಿಲ್ಲ. ಪುಸ್ತಕವನ್ನು ಮತ್ತೆ ತೆರೆಯಬಹುದು. ಸಿನಿಮಾವನ್ನು ಹಿಂದಕ್ಕೆ ಓಡಿಸಿ ನೋಡಬಹುದು. ರಂಗದ ಮೇಲೆ ನಟ ಕೈ ಎತ್ತಿದ್ದು ಎತ್ತಿದ ಕ್ಷಣಕ್ಕೇ ಮುಗಿಯಿತು. ವೃತ್ತಿಪರ ಮರಾಠಿ ನಾಟಕಗಳು ನೂರಾರು ಪ್ರಯೋಗ ಕಾಣುತ್ತವೆ. ಮುಂಬಯಿಯ ಹವ್ಯಾಸಿ ಕನ್ನಡ ನಾಟಕ ಹಾಗಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿ, ಆಮೇಲೆ ಒಂದೋ ಎರಡೋ ಪ್ರಯೋಗ, ಅಷ್ಟೇ. ಆ ಸಂಜೆ ಬಾರದವರಿಗೆ ಉಳಿಯುವುದು ಯಾರೋ ಬರೆದ ನಾಲ್ಕು ಸಾಲು ಮಾತ್ರ. ಆ ನಾಲ್ಕು ಸಾಲಿನಲ್ಲಿ ‘ಅಮೋಘ’, ‘ಮನೋಜ್ಞ’, ‘ಪರಕಾಯ ಪ್ರವೇಶ’ ಅಂತ ಇದ್ದರೆ ಏನೂ ಉಳಿದ ಹಾಗಾಗಲಿಲ್ಲ. ಈ ಮಾತುಗಳು ಸುಳ್ಳು ಅಂತ ಅಲ್ಲ. ಯಾರಿಗೆ ಬೇಕಾದರೂ ಹೊಂದುತ್ತವೆ, ಅದೇ ತೊಂದರೆ. ಹೆಸರು ಬದಲಾಯಿಸಿದರೆ ಅದೇ ಸಾಲು ಇನ್ನೊಬ್ಬ ನಟನಿಗೂ ನಡೆಯುತ್ತದೆ.

ಎರಡನೆಯ ಕಷ್ಟ ಇದಕ್ಕಿಂತ ದೊಡ್ಡದು. ನಾವು ಮೆಚ್ಚಿದ್ದು ಯಾರನ್ನು? ನಟನನ್ನೋ, ಪಾತ್ರವನ್ನೋ, ನಾಟಕ ಬರೆದವರನ್ನೋ?

‘ನಟಸಮ್ರಾಟ್’ ನಾಟಕವನ್ನೇ ತೆಗೆದುಕೊಳ್ಳಿ. ವಿ. ವಾ. ಶಿರ್ವಾಡ್ಕರ್ ಬರೆದದ್ದು. 1970ರಲ್ಲಿ ರಂಗಕ್ಕೆ ಬಂತು. ಗಣಪತರಾವ್ ಬೇಲ್ವಲ್ಕರ್ ಅನ್ನೋ ಮುದಿ ನಟ. ಆಸ್ತಿಯನ್ನೆಲ್ಲ ಮಕ್ಕಳಿಗೆ ಹಂಚಿ, ಕೊನೆಗೆ ಅವರ ಮನೆಯಲ್ಲೇ ಬೇಡವಾಗಿ, ಹೆಂಡತಿಯನ್ನು ಕಳೆದುಕೊಂಡು ಬೀದಿಗೆ ಬರುತ್ತಾನೆ. ಈ ಕತೆಗೇ ಕಣ್ಣು ಒದ್ದೆಯಾಗುತ್ತದೆ. ಉದ್ದುದ್ದ ಮಾತುಗಳ ಲಯವೇ ಚಪ್ಪಾಳೆ ತರುತ್ತದೆ. ಸಾಧಾರಣ ನಟ ಮಾಡಿದರೂ ಸಭೆಯಲ್ಲಿ ನಾಲ್ಕು ಜನ ಅಳುತ್ತಾರೆ. ಹಾಗಿದ್ದರೆ ಮೊದಲು ಈ ಪಾತ್ರ ಮಾಡಿದ ಡಾ. ಶ್ರೀರಾಮ ಲಾಗೂ ಅವರ ಹೆಸರನ್ನು ಜನ ಇವತ್ತಿಗೂ ಹೇಳುವುದೇಕೆ? ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದವರು ರಂಗಭೂಮಿಗೆ ಬಂದು ಈ ಪಾತ್ರವನ್ನು ಹೊತ್ತರು. ಆಮೇಲೆ ದತ್ತಾ ಭಟ್ ಅದನ್ನು ಮಾಡಿದರು. ಅವರನ್ನು ನೆನೆಯುವವರೂ ಇದ್ದಾರೆ.

ಈ ಪಾತ್ರದ ನಿಜವಾದ ಬಿಗಿ ಎಲ್ಲಿದೆ ಅಂತ ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಬೇಲ್ವಲ್ಕರ್ ಜೀವನವಿಡೀ ರಂಗದ ಮೇಲೆ ಬದುಕಿದವನು. ಮನೆಯಲ್ಲೂ ನಾಟಕದ ಧಾಟಿಯಲ್ಲೇ ಮಾತಾಡುತ್ತಾನೆ. ಅಂದರೆ ಈ ಪಾತ್ರ ಮಾಡುವವನಿಗೆ ಎರಡು ದನಿ ಬೇಕು. ಒಂದು, ಹಳೆಯ ನಟನೊಬ್ಬ ಮೆರೆಯುವ ದನಿ. ಇನ್ನೊಂದು, ಆ ಮೆರೆತ ಒಡೆದು ಒಳಗಿನ ಮುದುಕ ಹೊರಗೆ ಬರುವ ದನಿ. ಇಡೀ ನಾಟಕ ಒಂದೇ ದನಿಯಲ್ಲಿ ಗುಡುಗಿದವನಿಗೆ ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆ ಹೋಗುವುದು ಶಿರ್ವಾಡ್ಕರರಿಗೆ. ದನಿ ಎಲ್ಲಿ ಒಡೆಯಬೇಕು ಅಂತ ಗೊತ್ತುಮಾಡಿಕೊಂಡು ಅಲ್ಲೇ ಒಡೆದು ತೋರಿಸಿದವನಿಗೆ ಸಲ್ಲುವುದು ಬೇರೆ ಲೆಕ್ಕ. ವಿಮರ್ಶೆ ಬರೆಯುವವರು ಈ ಎರಡನ್ನು ಬೇರೆ ಮಾಡಬೇಕು.

ನಿರ್ದೇಶಕರ ಪಾಲೂ ಇದೆ. 1972ರಲ್ಲಿ ಪುಣೆಯಲ್ಲಿ ಶುರುವಾದ ‘ಘಾಶೀರಾಮ್ ಕೋತ್ವಾಲ್’ ನೆನಪಿಸಿಕೊಳ್ಳಿ. ಮನುಷ್ಯರದ್ದೇ ಸಾಲು ಅಲ್ಲಿ ಪರದೆಯಾಗುತ್ತದೆ, ಗೋಡೆಯಾಗುತ್ತದೆ. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸನ ಪಾತ್ರ ಮಾಡಿದ ಮೋಹನ್ ಆಗಾಶೆ ಅವರಿಗೆ ದೊಡ್ಡ ಹೆಸರು ಬಂತು. ಆದರೆ ಆ ಸಾಲನ್ನು ನಿಲ್ಲಿಸಿದ ನಿರ್ದೇಶಕ ಜಬ್ಬಾರ್ ಪಟೇಲ್, ಅದಕ್ಕೆ ಸಂಗೀತ ಕೊಟ್ಟ ಭಾಸ್ಕರ ಚಂದಾವರ್ಕರ್, ಮುಖ ಕಾಣದ ಹಾಗೆ ಬೆನ್ನು ತಿರುಗಿಸಿ ನಿಂತ ನಟರು, ಇವರೆಲ್ಲ ಇಲ್ಲದಿದ್ದರೆ ನಾನಾ ಎಲ್ಲಿಂದ ಇಣುಕುತ್ತಿದ್ದ?

ನಟಿಯದ್ದೇ ಅನ್ನಬಹುದಾದ ಕೆಲಸ ಎಲ್ಲಿ ಶುರುವಾಗುತ್ತದೆ ಅನ್ನೋದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉದಾಹರಣೆ ವಿಜಯ ತೆಂಡುಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’. 1967ರ ನಾಟಕ. ಒಂದು ಹವ್ಯಾಸಿ ತಂಡದವರು ಹಳ್ಳಿಯ ಸಭಾಂಗಣದಲ್ಲಿ ಸುಮ್ನೆ ಆಟಕ್ಕೆ ಒಂದು ನ್ಯಾಯಾಲಯ ಕಟ್ಟುತ್ತಾರೆ. ತಮ್ಮಲ್ಲೇ ಒಬ್ಬಳಾದ ಲೀಲಾ ಬೆಣಾರೆ ಎಂಬ ಶಾಲಾ ಟೀಚರನ್ನು ಆರೋಪಿ ಮಾಡುತ್ತಾರೆ. ಆಟ ಆಟವಾಗಿ ಉಳಿಯುವುದಿಲ್ಲ. ಅವಳ ಖಾಸಗಿ ಬದುಕನ್ನೇ ಎಳೆದು ಹರಡುತ್ತಾರೆ. ಕೊನೆಗೆ ಅವಳಿಗೆ ಮಾತಾಡಲು ಹತ್ತು ಸೆಕೆಂಡು ಕೊಡುತ್ತಾರೆ.

ಆಗ ಉಳಿದವರೆಲ್ಲ ಇದ್ದಲ್ಲೇ ಗೊಂಬೆಗಳ ಹಾಗೆ ನಿಲ್ಲುತ್ತಾರೆ. ಬೆಣಾರೆ ಮಾತಾಡತೊಡಗುತ್ತಾಳೆ. ಪುಟಗಟ್ಟಲೆ ಮಾತು. ಅದು ಮುಗಿದ ಮೇಲೆ ಹತ್ತು ಸೆಕೆಂಡು ಆಯಿತು ಅನ್ನುತ್ತಾರೆ. ಅಂದರೆ ಅವಳು ಬಾಯಿಯೇ ಬಿಟ್ಟಿರಲಿಲ್ಲ. ನಾವು ಕೇಳಿದ್ದು ಅವಳ ಒಳಗೆ ಆದದ್ದನ್ನು.

ಇದನ್ನು ಆಡುವುದು ಎಷ್ಟು ಕಷ್ಟ ಅಂತ ಒಂದು ಕ್ಷಣ ಯೋಚಿಸಿ. ಸಭಾಂಗಣದ ಕೊನೆಯ ಸಾಲಿಗೂ ಕೇಳಬೇಕು. ಆದರೆ ಎದುರಿಗೆ ನಿಂತ ನ್ಯಾಯಾಧೀಶನಿಗೆ ಹೇಳಿದ ಹಾಗೆ ಇರಬಾರದು. ಅವನಿಗೆ ಹೇಳಿಬಿಟ್ಟರೆ ಅದು ಭಾಷಣ ಆಗುತ್ತದೆ. ಪೂರ್ತಿ ಒಳಗೆ ಎಳೆದುಕೊಂಡರೆ ಯಾರಿಗೂ ಕೇಳುವುದಿಲ್ಲ. ಮಾತು ಮುಗಿದ ಕೂಡಲೇ, ಏನೂ ಹೇಳದೆ ಹತ್ತು ಸೆಕೆಂಡು ಕಳೆದ ಹೆಂಗಸಿನ ಮೈ ಆಗಬೇಕು. ಈ ಪಾತ್ರವನ್ನು ಮೊದಲು ಮಾಡಿದವರು ಸುಲಭಾ ದೇಶಪಾಂಡೆ. ಆ ಅಭಿನಯದ ಬಗ್ಗೆ ಮರಾಠಿ ರಂಗಭೂಮಿಯವರು ಈಗಲೂ ಮಾತಾಡುತ್ತಾರೆ. ಅವರು ದಾದರಿನ ಛಬಿಲ್‌ದಾಸ್ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮುಂದೆ ಅದೇ ಶಾಲೆಯ ಸಭಾಂಗಣ ಪ್ರಾಯೋಗಿಕ ನಾಟಕಗಳ ಮನೆ ಆಯಿತು. ‘ಬೆಣಾರೆ ಪಾತ್ರದಲ್ಲಿ ಭಾವನೆಗಳ ಮಹಾಪೂರ ಹರಿಸಿದರು’ ಅಂತ ಬರೆದರೆ ಈ ಕಷ್ಟದ ಒಂದು ಎಳೆಯೂ ಓದುಗರಿಗೆ ಸಿಗುವುದಿಲ್ಲ. ‘ಉಳಿದವರು ಮತ್ತೆ ಅಲುಗಾಡಿದಾಗ ಅವಳ ತುಟಿ ಮುಚ್ಚಿಯೇ ಇತ್ತು, ಮಾತು ಎಲ್ಲಿಗೆ ಹೋಯಿತು ಅಂತ ನಾವು ಹುಡುಕಿದೆವು’ ಅಂತ ಬರೆಯಬಲ್ಲವರಿಗೆ ನಟಿ ಮಾಡಿದ್ದು ಕಂಡಿದೆ.

ಇನ್ನು ಮಾತಿನ ವಿಷಯಕ್ಕೆ ಬರೋಣ. ಕನ್ನಡ ನಾಟಕದಲ್ಲಿ ಗಮನಿಸಬೇಕಾದ ಒಂದೆರಡು ಸೂಕ್ಷ್ಮ ಇವೆ.

ಮುಂಬಯಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಲ್ಲಿ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಅನ್ನುವವರು ಜಾಸ್ತಿ. ತಾಲೀಮಿನಲ್ಲಿ ಅವರ ಕೈಯಲ್ಲಿರುವ ಹಾಳೆಯಲ್ಲಿ ಕನ್ನಡ ಮಾತು ದೇವನಾಗರಿಯಲ್ಲಿ ಇರುತ್ತದೆ. ‘ಳ’ಕ್ಕೆ ತೊಂದರೆ ಇಲ್ಲ, ಮರಾಠಿಯಲ್ಲೂ ಅದು ಇದೆ. ಪೆಟ್ಟು ಬೀಳುವುದು ಎ-ಏ, ಒ-ಓ ಮೇಲೆ. ಮರಾಠಿ ಬರವಣಿಗೆಯಲ್ಲಿ ಇವಕ್ಕೆ ಹ್ರಸ್ವ ಬೇರೆ, ದೀರ್ಘ ಬೇರೆ ಇಲ್ಲ. ಮುಲುಂಡಿನ ಒಬ್ಬ ಕಾಲೇಜು ಹುಡುಗಿಯ ಹಾಳೆ ನಾನು ನೋಡಿದ್ದೆ. ‘ಬೆರೆ’ ಅನ್ನೋದೂ ‘ಬೇರೆ’ ಅನ್ನೋದೂ ಅಲ್ಲಿ ಒಂದೇ ಥರ ಇತ್ತು. ಒಂದರ ಅರ್ಥ ಒಟ್ಟಾಗುವುದು, ಇನ್ನೊಂದರದ್ದು ಬಿಟ್ಟುಹೋಗುವುದು. ಒಂದೇ ಮಾತಿನಲ್ಲಿ ಎರಡೂ ಬರುತ್ತಿದ್ದವು. ದೀರ್ಘ ಬರುವ ಕಡೆಯೆಲ್ಲ ಅವಳು ಕೆಂಪು ಪೆನ್ನಿನಿಂದ ಮೇಲೆ ಒಂದು ಗೆರೆ ಎಳೆದುಕೊಂಡಿದ್ದಳು. ಪ್ರಯೋಗದ ದಿನ ಎರಡನ್ನೂ ಸರಿಯಾಗಿ ಹೇಳಿದಳು. ಅಷ್ಟೇ ಅಲ್ಲ, ‘ಬೇರೆ’ಯ ದೀರ್ಘವನ್ನು ಕೂದಲೆಳೆಯಷ್ಟು ಜಾಸ್ತಿ ಎಳೆದಳು. ಆ ಎಳೆತದಲ್ಲಿ ನೋವಿತ್ತು. ಕಲಿಯಬೇಕಾದ ಒಂದು ಅಕ್ಷರವನ್ನು ಅವಳು ಅಭಿನಯ ಮಾಡಿಬಿಟ್ಟಿದ್ದಳು. ‘ಉಚ್ಚಾರ ಸ್ಪಷ್ಟವಾಗಿತ್ತು’ ಅನ್ನೋದು ಇದಕ್ಕೆ ಸಾಲುತ್ತದಾ?

ಇನ್ನೊಂದು ಸೂಕ್ಷ್ಮ ಉಸಿರಿನದ್ದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಇಲ್ಲ’ ಅನ್ನೋದೂ ಅದರ ಬಾಲಕ್ಕೇ ಅಂಟಿರುತ್ತದೆ. ‘ನಾನು ಇನ್ನು ಯಾವತ್ತೂ ನಿಮ್ಮ ಮನೆಗೆ ಬರಲ್ಲ’ ಅನ್ನೋದರಲ್ಲಿ ಕೊನೆಯ ‘ಲ್ಲ’ ಬೀಳುವ ತನಕ ಮಾತು ನಿಂತೇ ಇರುತ್ತದೆ. ನಟನ ಉಸಿರು ಅಷ್ಟರಲ್ಲಿ ಮುಗಿದರೆ ವಾಕ್ಯದ ಬಾಲ ಕೆಳಗೆ ಬಿದ್ದು ಹೋಗುತ್ತದೆ. ಆರನೇ ಸಾಲಿನವರಿಗೆ ಬರ್ತಾನೋ ಬರಲ್ವೋ ಗೊತ್ತಾಗುವುದಿಲ್ಲ. ಹಾಗಾಗಿ ಕನ್ನಡ ನಟನಿಗೆ ಉಸಿರನ್ನು ಕೊನೆಯ ತನಕ ಉಳಿಸಿಕೊಳ್ಳುವುದು ಮೊದಲ ವಿದ್ಯೆ. ತಾಳಮದ್ದಳೆಯಿಂದ ಬಂದವರಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಕೂತು ಬರೀ ಮಾತಿನಲ್ಲಿ ಕೃಷ್ಣನೋ ಕರ್ಣನೋ ಆಗಬೇಕು. ವಾಕ್ಯದ ಬಾಲ ಬಿಟ್ಟರೆ ಎದುರು ಕೂತು ಅರ್ಥ ಹೇಳುವವನು ಅದನ್ನೇ ಹಿಡಿದುಕೊಳ್ಳುತ್ತಾನೆ.

ಮೈ, ಕೈ, ವಸ್ತುಗಳ ವಿಷಯಕ್ಕೆ ಬಂದರೆ ಭರತನ ನಾಟ್ಯಶಾಸ್ತ್ರ ಬಹಳ ಉಪಯೋಗಕ್ಕೆ ಬರುತ್ತದೆ. ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷ), ಸಾತ್ತ್ವಿಕ (ಒಳಗಿನ ಭಾವ ಮೈಮೇಲೆ ಕಾಣುವುದು) ಅನ್ನೋ ನಾಲ್ಕು ಬಗೆಯ ಅಭಿನಯವನ್ನು ಎಲ್ಲರೂ ಕೇಳಿರುತ್ತೀರಿ. 27ನೇ ಅಧ್ಯಾಯದ ಮಾತು ಅಷ್ಟು ಪ್ರಚಾರದಲ್ಲಿಲ್ಲ. ಪ್ರಯೋಗ ಗೆದ್ದಿತೋ ಇಲ್ಲವೋ ಅಂತ ತೀರ್ಮಾನಿಸುವುದು ಹೇಗೆ, ಯಾರು ತೀರ್ಮಾನಿಸಬೇಕು ಅನ್ನೋದೇ ಆ ಅಧ್ಯಾಯದ ವಿಷಯ. ತಕರಾರು ಬಂದಾಗ ಹೇಳಲು ಹತ್ತು ಬಗೆಯ ಜನ ಬೇಕು ಅನ್ನುತ್ತದೆ. ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವನು. ಛಂದಸ್ಸಿಗೆ ಛಂದಸ್ಸು ಬಲ್ಲವನು. ರಾಜನ ಠೀವಿಗೆ ರಾಜ. ಬಿಲ್ಲು ಹಿಡಿಯುವುದಕ್ಕೆ ಬಿಲ್ಲುಗಾರ. ವೇಷಕ್ಕೆ, ಬಣ್ಣಕ್ಕೆ ಚಿತ್ರಕಾರ. ಕುಣಿತಕ್ಕೆ ನರ್ತಕ. ವೇಶ್ಯೆಗೂ ಅಲ್ಲಿ ತೀರ್ಪುಗಾರರ ಜಾಗ ಇದೆ. ಒಬ್ಬ ಸರ್ವಜ್ಞ ವಿಮರ್ಶಕ ಎಲ್ಲವನ್ನೂ ಹೇಳಲಾರ ಅನ್ನೋದು ಆ ಕಾಲದವರಿಗೆ ಗೊತ್ತಿತ್ತು.

ಮುಂಬಯಿಯ ಕನ್ನಡ ಸಭಾಂಗಣದಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದು ನಾಟಕದಲ್ಲಿ ಹೋಟೆಲಿನ ದೃಶ್ಯ. ನಟ ಲೋಟದಿಂದ ಬಟ್ಟಲಿಗೆ ಕಾಫಿ ಎತ್ತಿ ಹೊಯ್ಯಬೇಕು. ಪಾತ್ರೆಯಲ್ಲಿ ಏನೂ ಇರಲಿಲ್ಲ, ಬರೀ ಅಭಿನಯ. ಅವನು ಎರಡು ಕೈಯನ್ನೂ ಒಟ್ಟಿಗೆ ದೂರ ಒಯ್ದ. ನನ್ನ ಪಕ್ಕದಲ್ಲಿ ಕೂತವರು ಜೀವನವೆಲ್ಲ ಕಾಫಿ ಹೊಯ್ದವರು. ಮೆಲ್ಲಗೆ ಹೇಳಿದರು: “ಕೆಳಗಿನ ಕೈ ಇಳೀಬೇಕು, ಮೇಲಿನದ್ದು ನಿಲ್ಲಬೇಕು. ಇದು ನೆಲಕ್ಕೆ ಚೆಲ್ತು.” ಖಾಲಿ ಲೋಟದಿಂದ ಕಾಫಿ ಚೆಲ್ಲಿದ್ದು ಅವರಿಗೆ ಕಂಡಿತ್ತು. ಆ ದೃಶ್ಯಕ್ಕೆ ಅವರಿಗಿಂತ ದೊಡ್ಡ ವಿಮರ್ಶಕ ಆ ಸಭೆಯಲ್ಲಿ ಇರಲಿಲ್ಲ. ಬರೆಯುವವರು ಇಂಥವರ ಪಕ್ಕ ಕೂರಬೇಕು, ಅವರು ಹೇಳುವುದನ್ನು ಕೇಳಿಸಿಕೊಳ್ಳಬೇಕು.

ಸಾತ್ತ್ವಿಕದ ಬಗ್ಗೆ ಒಂದೇ ಮಾತು. ನಡುಕ, ಬೆವರು, ರೋಮಾಂಚ, ಕಣ್ಣೀರು, ಗಂಟಲು ಬದಲಾಗುವುದು, ಹೀಗೆ ಎಂಟು ಹೇಳಿದ್ದಾರೆ. ನಟನ ಕಣ್ಣಲ್ಲಿ ನಿಜವಾದ ನೀರು ಬಂತು ಅನ್ನೋದನ್ನೇ ದೊಡ್ಡ ಹೊಗಳಿಕೆ ಅಂತ ತಿಳಿಯುವವರು ತುಂಬಾ ಜನ. ನೀರು ಬಂದರೆ ಒಳ್ಳೆಯದೇ. ಆದರೆ ನಟ ಅತ್ತು, ಸಭೆ ಒಣಗಿ ಕೂತದ್ದೂ ಉಂಟು.

ಮಾತಾಡದೇ ಇರುವಾಗ ನಟ ಏನು ಮಾಡುತ್ತಾನೆ ಅಂತ ನೋಡುವುದನ್ನು ನಾನು ಕಲಿತದ್ದು ಜುಹುವಿನ ಪೃಥ್ವಿ ಥಿಯೇಟರಿನಲ್ಲಿ. ಶಶಿ ಕಪೂರ್, ಜೆನಿಫರ್ ಕೆಂಡಲ್ ಕಟ್ಟಿದ್ದು, 1978ರಿಂದ ನಡೆಯುತ್ತಿದೆ. ಸುಮಾರು 200 ಜನ ಮೂರು ಕಡೆಯಿಂದ ರಂಗವನ್ನು ಸುತ್ತಿಕೊಂಡು ಕೂರುತ್ತಾರೆ. ಅಲ್ಲಿ ಮೂಲೆಯಲ್ಲಿ ಸುಮ್ಮನೆ ನಿಂತ ನಟನೂ ಯಾರಿಗೋ ಎದುರೇ ಇರುತ್ತಾನೆ. ಎದುರಿನವರ ಮಾತು ಮುಗಿಯಲಿ ಅಂತ ಕಾಯುವ ನಟ ಒಂದು ಥರ. ಆ ಮಾತನ್ನು ಈಗಷ್ಟೇ ಮೊದಲ ಸಲ ಕೇಳುತ್ತಿದ್ದೇನೆ ಅನ್ನೋ ಹಾಗೆ ಕೇಳುವ ನಟ ಇನ್ನೊಂದು ಥರ. ಎರಡನೆಯವನ ಕಣ್ಣು ಮಾತಿನ ಅರ್ಧದಲ್ಲೇ ಬದಲಾಗುತ್ತದೆ. ಮೊದಲಿನವನದ್ದು ಮಾತು ಮುಗಿದ ಮೇಲೆ. ಇಷ್ಟು ಹತ್ತಿರದಲ್ಲಿ ಗೆಲ್ಲುವ ಅಭಿನಯ, ಎರಡೂವರೆ ಸಾವಿರಕ್ಕೂ ಜಾಸ್ತಿ ಜನ ಹಿಡಿಯುವ ಷಣ್ಮುಖಾನಂದ ಸಭಾಂಗಣದಲ್ಲಿ ಕಾಣಿಸದೇ ಹೋಗಬಹುದು. ಅಲ್ಲಿ ಬೇಕಾದ ಹಿಗ್ಗಿದ ಮೈ ಇಲ್ಲಿ ಅತಿ ಅನ್ನಿಸಬಹುದು. ಸಭಾಂಗಣದ ಅಳತೆ ಹೇಳದೆ ‘ಸಹಜ ಅಭಿನಯ’, ‘ಅತಿ ಅಭಿನಯ’ ಅಂತ ಬರೆಯುವುದು ಸರಿಯಲ್ಲ.

ಪ್ರೇಕ್ಷಕರ ಮೆಚ್ಚುಗೆಯ ಬಗ್ಗೆಯೂ ಅದೇ 27ನೇ ಅಧ್ಯಾಯ ಮಾತಾಡುತ್ತದೆ. ಎರಡು ಬಗೆಯ ಗೆಲುವು, ಮಾನುಷಿ ಮತ್ತು ದೈವಿಕಿ. ಮಾನುಷಿ ಅಂದರೆ ಸಭೆಯ ಕಡೆಯಿಂದ ಬರುವ ಸದ್ದು, ಚಲನೆ. ಮುಗುಳ್ನಗೆ, ಅರ್ಧ ನಗು, ಗಟ್ಟಿ ನಗು. ಅಚ್ಚರಿಗೆ ‘ಅಹೋ’. ಕರುಣೆಗೆ ‘ಕಷ್ಟಂ’. ಒಳ್ಳೆಯ ನಡತೆ ಕಂಡರೆ ‘ಸಾಧು’. ಎದ್ದು ನಿಲ್ಲುವುದು, ಬಟ್ಟೆ, ಉಂಗುರ ಎಸೆಯುವುದು. ಅಂದರೆ ಹೊಗಳಿಕೆಗೂ ಒಂದೊಂದು ಜಾಗಕ್ಕೆ ಒಂದೊಂದು ಶಬ್ದ ಇತ್ತು. ನಮ್ಮ ಹಾಗೆ ಎಲ್ಲದಕ್ಕೂ ‘ಸೂಪರ್’ ಅಲ್ಲ. ದೈವಿಕಿ ಸಿದ್ಧಿ ಇದಕ್ಕಿಂತ ಮೇಲಿನದ್ದು. ಸಭೆ ತುಂಬಿದೆ, ಸದ್ದಿಲ್ಲ, ಅಲುಗಾಟವಿಲ್ಲ, ಯಾವ ವಿಘ್ನವೂ ಇಲ್ಲ. ಅಷ್ಟೇ. ಅದೇ ದೇವರು ಕೊಟ್ಟ ಗೆಲುವು.

ಇದನ್ನು ಓದಿದ ಮೇಲೆ ನಾನು ಚಪ್ಪಾಳೆಗಿಂತ ಮೌನವನ್ನು ಜಾಸ್ತಿ ಗಮನಿಸತೊಡಗಿದೆ. ಸಭೆಯ ಮೌನದಲ್ಲೂ ಎರಡು ಬಗೆ. ಬೇಸರದ ಮೌನದಲ್ಲಿ ಕುರ್ಚಿ ಕಿರುಗುಟ್ಟುತ್ತದೆ, ಮೊಬೈಲಿನ ಬೆಳಕು ಅಲ್ಲಲ್ಲಿ ಹೊತ್ತಿಕೊಳ್ಳುತ್ತದೆ. ಹಿಡಿದಿಟ್ಟ ಮೌನದಲ್ಲಿ ಕೆಮ್ಮು ಬಂದವರೂ ಅದನ್ನು ನುಂಗುತ್ತಾರೆ.

ಹಾಗಂತ ಸದ್ದಿನ ಮೆಚ್ಚುಗೆ ಕೀಳು ಅಂತ ನಾನು ಒಪ್ಪುವುದಿಲ್ಲ. ಮರಾಠಿ ಸಂಗೀತ ನಾಟಕಗಳ ಕಾಲದಲ್ಲಿ ಹಾಡು ಮುಗಿದ ಕೂಡಲೇ ‘ಒನ್ಸ್ ಮೋರ್’ ಅಂತ ಸಭೆ ಕೂಗುತ್ತಿತ್ತು. ಕತೆ ಅಲ್ಲೇ ನಿಲ್ಲುತ್ತಿತ್ತು. ನಟ ಮತ್ತೆ ಹಾಡುತ್ತಿದ್ದ. ಅದು ಕತೆಗೆ ಅಡ್ಡಿ ಅನ್ನಿಸುತ್ತದೆ, ನಿಜ. ಆದರೆ ಅವರಿಗೆ ಏನು ಬೇಕು ಅಂತ ಖಚಿತವಾಗಿ ಗೊತ್ತಿತ್ತು. ಈ ಹಾಡು, ಇದೇ ತಾನ್, ಇನ್ನೊಂದು ಸಲ. ನಾರಾಯಣರಾವ್ ರಾಜಹಂಸ (1888-1967) ಹೆಣ್ಣು ಪಾತ್ರಗಳನ್ನು ಮಾಡಿ, ಆ ಪಾತ್ರಗಳು ಉಡುವ ಸೀರೆಯನ್ನು ಮನೆಮನೆಯ ಹೆಂಗಸರು ನೋಡಿ ಉಡುವ ಹಾಗೆ ಮಾಡಿದವರು. ಹುಡುಗನಾಗಿದ್ದಾಗ ಅವರ ಹಾಡು ಕೇಳಿ ‘ಬಾಲಗಂಧರ್ವ’ ಅಂದವರು ಲೋಕಮಾನ್ಯ ತಿಲಕರು ಅನ್ನುತ್ತಾರೆ. ಎರಡು ಪದದ ಮೆಚ್ಚುಗೆ. ಅದರಲ್ಲಿ ವಯಸ್ಸೂ ಇದೆ, ಕಂಠವೂ ಇದೆ. ಅದೇ ಅವರ ಹೆಸರಾಗಿ ಉಳಿಯಿತು. ಪುಣೆಯ ರಂಗಮಂದಿರಕ್ಕೂ ಅದೇ ಹೆಸರು.

ಹೋಲಿಕೆ ಇಲ್ಲದೆ ಹೊಗಳಿಕೆಗೆ ತೂಕ ಬರುವುದಿಲ್ಲ ಅನ್ನೋದನ್ನು ಯಕ್ಷಗಾನದ ಪ್ರೇಕ್ಷಕರಿಂದ ಕಲಿಯಬೇಕು. ಒಂದೇ ಪ್ರಸಂಗವನ್ನು ಹತ್ತಾರು ಕಲಾವಿದರಲ್ಲಿ ನೋಡಿರುತ್ತಾರೆ. ಇವರು ಇಲ್ಲಿ ಪದ್ಯವನ್ನು ಹೀಗೆ ಎತ್ತಿಕೊಂಡರು, ಅವರು ಇಲ್ಲಿ ಒಂದು ಹೆಜ್ಜೆ ತಡೆದು ಬರುತ್ತಿದ್ದರು ಅಂತ ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಹೊರಗೆ ನಿಂತು ಗಂಟೆಗಟ್ಟಲೆ ಮಾತಾಡುತ್ತಾರೆ. ನಾಟಕದವರಿಗೂ ಅಂಥ ಪಾತ್ರಗಳಿವೆ. ಗಿರೀಶ ಕಾರ್ನಾಡರ ‘ತುಘಲಕ್’ 1964ರದ್ದು. ಕನ್ನಡದಲ್ಲಿ ಆ ಪಾತ್ರಕ್ಕೆ ಸಿ. ಆರ್. ಸಿಂಹ ಹೆಸರಾದರು. ಮುಂಬಯಿಯಲ್ಲಿ ಅಲೀಕ್ ಪದಮ್‌ಸೀ 1970ರಲ್ಲಿ ಇಂಗ್ಲಿಷಿನಲ್ಲಿ ಆಡಿಸಿದಾಗ ಕಬೀರ್ ಬೇಡಿ ತುಘಲಕ್. ಪುಣೆಯಲ್ಲಿ ಹುಟ್ಟಿದ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದಾಗ ಮನೋಹರ್ ಸಿಂಗ್. ಒಂದೇ ಸುಲ್ತಾನ, ಮೂರು ಭಾಷೆ, ಮೂರು ಮೈ.

ಈ ನಾಟಕದ ಕೊನೆಯನ್ನು ಸ್ವಲ್ಪ ನೋಡಿ. ಎಲ್ಲರೂ ಬಿಟ್ಟುಹೋದ ಮೇಲೆ ಸುಲ್ತಾನ ಸಿಂಹಾಸನದಲ್ಲೇ ನಿದ್ದೆ ಹೋಗುತ್ತಾನೆ. ತಾನೇ ನಿಲ್ಲಿಸಿ, ತಾನೇ ಮತ್ತೆ ಶುರುಮಾಡಿಸಿದ ನಮಾಜಿನ ಕರೆ ಕೇಳುತ್ತದೆ. ಎಚ್ಚರವಾಗುತ್ತದೆ. ಸುತ್ತ ನೋಡುತ್ತಾನೆ. ತಾನು ಎಲ್ಲಿದ್ದೇನೆ ಅಂತಲೇ ತಿಳಿಯದ ಹಾಗೆ, ದಿಗಿಲಿನಿಂದ. ಮಾತಿಲ್ಲ. ಅಷ್ಟು ಹೊತ್ತು ಎಲ್ಲರಿಗಿಂತ ಚುರುಕಾಗಿ ಮಾತಾಡಿದವನ ಬಾಯಿಂದ ಒಂದು ಶಬ್ದವೂ ಇಲ್ಲ. ಆ ನೋಟ ಮೊದಲು ಎಲ್ಲಿಗೆ ಹೋಗಬೇಕು? ಕೈಗೋ, ಬಾಗಿಲಿಗೋ, ಕರೆ ಬಂದ ದಿಕ್ಕಿಗೋ? ನಾಟಕಕಾರರು ದಿಗಿಲನ್ನು ಕೊಟ್ಟಿದ್ದಾರೆ, ದಾರಿಯನ್ನು ನಟ ಹುಡುಕಬೇಕು. ಎರಡು ತುಘಲಕ್ ನೋಡಿದವರು ಈ ಒಂದು ನೋಟದ ಬಗ್ಗೆ ಬರೆದರೂ ಸಾಕು, ಇಡೀ ಅಭಿನಯ ಕಣ್ಣಮುಂದೆ ಬರುತ್ತದೆ.

ಮುಂಬಯಿಯ ಕನ್ನಡಿಗರ ಬಗ್ಗೆ ಇನ್ನೊಂದು ಮಾತು ಹೇಳದೇ ಹೋದರೆ ತಪ್ಪಾಗುತ್ತದೆ. ನಾವು ಚಿಕ್ಕ ಊರಿನ ಹಾಗೆ. ಎಲ್ಲರಿಗೂ ಎಲ್ಲರೂ ಗೊತ್ತು. ನಾಟಕ ಮುಗಿದ ಕೂಡಲೇ ಶಾಲು, ಹಾರ, ಫಲತಾಂಬೂಲ. ಬ್ಯಾಂಕು, ಹೋಟೆಲು, ಫ್ಯಾಕ್ಟರಿ ಕೆಲಸ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮಾತು ಬಾಯಿಪಾಠ ಮಾಡಿದವರಿಗೆ ಆ ಶಾಲು ಸಲ್ಲಲೇಬೇಕು. ಅದು ಪ್ರೀತಿ. ಆದರೆ ವಿಮರ್ಶೆಯನ್ನೂ ಶಾಲಿನ ಹಾಗೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊದಿಸಿಬಿಟ್ಟರೆ, ನಿಜವಾಗಿ ಹೊಸದೊಂದನ್ನು ಮಾಡಿದ ನಟನಿಗೇ ಮೋಸ. ಅವನ ಸಾಲೂ ಪಕ್ಕದವನ ಸಾಲೂ ಒಂದೇ ಆಗುತ್ತದೆ. ಈ ಜಾಗ ಬರಲಿಲ್ಲ ಅಂತ ಹೇಳಬಲ್ಲವರು ‘ಈ ಜಾಗ ಬಂತು’ ಅಂದಾಗ ಮಾತ್ರ ನಟರು ನಂಬುತ್ತಾರೆ. ಬೆಳಿಗ್ಗೆ ಅದೇ ಲೋಕಲಿನಲ್ಲಿ ಸಿಗುವವರಿಗೆ ಹೀಗೆ ಹೇಳುವುದು ಸುಲಭವಲ್ಲ, ನನಗೆ ಗೊತ್ತು.

ಆ ಹಿರಿಯರ ವಿಷಯ ಅರ್ಧಕ್ಕೇ ಬಿಟ್ಟಿದ್ದೆ.

ಎರಡು ವರ್ಷದ ಮೇಲೆ ಅವರು ಇನ್ನೊಂದು ನಾಟಕದಲ್ಲಿ ಹಳ್ಳಿಯ ರೈತನ ಪಾತ್ರ ಮಾಡಿದರು. ಪಟ್ಟಣದ ಮಗ ಕೈಗೆ ಒಂದು ಕಟ್ಟು ನೋಟು ಇಟ್ಟು ಹೋಗುತ್ತಾನೆ. ಅಪ್ಪ ಒಬ್ಬನೇ ಕೂತು ಅದನ್ನು ಎಣಿಸಬೇಕು. ಈ ಸಲ ನಾನು ನೋಡುವ ಜಾಗ ಗೊತ್ತುಮಾಡಿಕೊಂಡು ಕೂತಿದ್ದೆ. ಮೂವತ್ತು ವರ್ಷ ಗಲ್ಲಾದಲ್ಲಿ ನೋಟು ಎಣಿಸಿದ ಕೈ ಅದು. ಗಿರಾಕಿಯ ಜೊತೆ ಮಾತಾಡುತ್ತಲೇ, ನೋಡದೆಯೇ, ಹೆಬ್ಬೆರಳಲ್ಲಿ ಸರಸರ ಎಣಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ರಂಗದ ಮೇಲೆ ಆ ಕೈ ಮರೆತೇಹೋಗಿತ್ತು. ಒಂದು ನೋಟು ತೆಗೆದು ಮಂಡಿಯ ಮೇಲೆ ಇಟ್ಟರು. ಅಂಗೈಯಿಂದ ಸುಕ್ಕು ತೀಡಿದರು. ಎರಡನೆಯದು. ಬೆರಳಿಗೆ ಎಂಜಲು. ಮೂರನೆಯದು ಎರಡಾಗಿ ಬಂದಿದೆಯೇನೋ ಅಂತ ಬೆಳಕಿಗೆ ಹಿಡಿದರು. ನಾಲ್ಕಕ್ಕೆ ಲೆಕ್ಕ ತಪ್ಪಿತು. ಮೊದಲಿನಿಂದ ಶುರುಮಾಡಿದರು. ಸಭೆಯಲ್ಲಿ ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ.

ಇಷ್ಟನ್ನೇ ಬರೆದುಕೊಟ್ಟೆ. ಒಂದೇ ಒಂದು ವಿಶೇಷಣ ಹಾಕಲಿಲ್ಲ.

ಮುಂದಿನ ಭಾನುವಾರ ತಾಲೀಮಿನ ಕೋಣೆಯಲ್ಲಿ ಸಿಕ್ಕರು. ಪತ್ರಿಕೆ ಓದಿದ್ದರು. “ಲೆಕ್ಕ ತಪ್ಪಿದ್ದು ಕಂಡಿತಾ ನಿಮ್ಗೆ?” ಅಂದರು. ಹೌದು ಅಂದೆ. “ಅದು ಸಿಕ್ಕಿದ್ದು ಕೊನೇ ವಾರ. ಅಲ್ಲೀವರೆಗೆ ಕೈ ಕೇಳ್ತಾನೇ ಇರ್ಲಿಲ್ಲ, ತಾನಾಗೇ ಓಡ್ತಿತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಎರಡನೇ ಅಂಕದಲ್ಲಿ ಮಗನಿಗೆ ಹೇಳುವ ಮಾತು?” ಅಂತ ಕೇಳಿದರು.

ಅಲ್ಲಿ ವಾಕ್ಯದ ಕೊನೆ ನನಗೆ ಕೇಳಿಸಲಿಲ್ಲ, ‘ಬೇಕು’ ಅಂದಿರೋ ‘ಬೇಡ’ ಅಂದಿರೋ ಗೊತ್ತಾಗಲಿಲ್ಲ ಅಂದೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಪ್ರತಿ ತೆರೆದರು. ಪುಟ ಹುಡುಕಿ, ಆ ಸಾಲಿನ ಕೊನೆಯ ಪದದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.